ಮುರೋರಾನ್ ಬಗ್ಗೆ ನಾಲ್ಕು ಪುಟ

ಮುರೋರಾನ್ ಎಂಬ ಊರನ್ನು ನಾನು ನೋಡಿಲ್ಲ. ಆದರೂ ನಮ್ಮ ಆಫೀಸಿನಲ್ಲಿ ಆ ಊರಿನ ಬಗ್ಗೆ ಮೊದಲು ಬರೆದವನು ನಾನೇ. ಇಂಗ್ಲಿಷಿನಲ್ಲಿ ನಾಲ್ಕು ಪುಟ, ನಾನೇ ಟೈಪ್ ಮಾಡಿದ್ದು. ಜಪಾನಿನ ಉತ್ತರದ ದೊಡ್ಡ ದ್ವೀಪದಲ್ಲಿ, ಮೊಣಕೈ ಮಡಚಿ ಸಮುದ್ರಕ್ಕೆ ಚಾಚಿದಂತಿರುವ ಒಂದು ತುಂಡು ನೆಲ. ಮಡಚಿದ ಕೈಯ ಒಳಗಡೆ ಬಂದರು. ಬಂದರಿನ ಸುತ್ತ ಉಕ್ಕಿನ ಕಾರ್ಖಾನೆ, ಎಣ್ಣೆ ಶುದ್ಧೀಕರಿಸುವ ಕಾರ್ಖಾನೆ, ಸಿಮೆಂಟು, ಹಡಗು. ಬಂದರಿನ ಬಾಯಿಗೆ ಅಡ್ಡವಾಗಿ ಬಿಳಿ ಬಣ್ಣದ ತೂಗುಸೇತುವೆ. ಬೆನ್ನ ಹಿಂದೆ, ತೆರೆದ ಸಮುದ್ರದ ಕಡೆಗೆ, ಕಡಿದಾದ ಬಂಡೆಗಳು ಮತ್ತು ಒಂದು ದೀಪಸ್ತಂಭ. ಬೇಸಗೆಯಲ್ಲಿ ಸಮುದ್ರದಿಂದ ಮಂಜು ಬರುತ್ತದೆ. ಗಾಳಿ ಮಾತ್ರ ವರ್ಷವಿಡೀ.

ಇದು ಎರಡು ಸಾವಿರದ ಐದು, ಆರರ ಸುಮಾರಿನ ಮಾತು. ಕುವೈತಿನ ದಕ್ಷಿಣಕ್ಕೆ, ಫಹಾಹೀಲ್‌ನಲ್ಲಿ ನಮ್ಮ ಆಫೀಸು. ಕಿಟಕಿ ತೆಗೆದರೆ ಒಂದು ಕಡೆ ಸೂಕಿನ, ಅಂದರೆ ಪೇಟೆಯ, ಗದ್ದಲ, ಇನ್ನೊಂದು ಕಡೆ ರಿಫೈನರಿಯ ಉರಿ ಕೊಳವೆಗಳು. ಹಾಗಾಗಿ ಯಾರೂ ಕಿಟಕಿ ತೆಗೆಯುತ್ತಿರಲಿಲ್ಲ. ರಿಫೈನರಿಗೆ ಬೇಕಾದ ಭಾರೀ ಸಾಮಾನುಗಳು ಹೇಳಿದ ಹಾಗೆ ತಯಾರಾಗಿವೆಯೇ ಎಂದು ನೋಡಿ ಕಾಗದ ಮಾಡುವುದು ನಮ್ಮ ಕೆಲಸ. ಆ ವರ್ಷ ದೊಡ್ಡ ಆರ್ಡರ್ ಇತ್ತು: ಎಣ್ಣೆಯಿಂದ ಗಂಧಕ ಬೇರ್ಪಡಿಸುವ ಉಕ್ಕಿನ ರಿಯಾಕ್ಟರುಗಳು. ಒಂದೊಂದೂ ತೆಂಗಿನ ಮರಕ್ಕಿಂತ ಎತ್ತರ, ಗೋಡೆಯ ದಪ್ಪ ಒಂದು ಗೇಣಿಗೂ ಹೆಚ್ಚು. ಅಂಥ ಉಕ್ಕನ್ನು ಕಾಯಿಸಿ ಬಡಿದು ಬಳೆಯ ಹಾಗೆ ಮಾಡುವ ಕಾರ್ಖಾನೆಗಳು ಪ್ರಪಂಚದಲ್ಲೇ ಬೆರಳೆಣಿಕೆಯಷ್ಟು. ಅದರಲ್ಲೊಂದು ಮುರೋರಾನ್‌ನಲ್ಲಿ ಇತ್ತು.

ಈ ಕೆಲಸದಲ್ಲಿ ‘ಹೋಲ್ಡ್ ಪಾಯಿಂಟ್’ ಎಂದು ಒಂದುಂಟು. ತಯಾರಿಕೆಯ ನಡುವೆ ಕೆಲವು ಹಂತಗಳಲ್ಲಿ ಕೆಲಸ ನಿಲ್ಲುತ್ತದೆ. ಕೊಳ್ಳುವವರ ಕಡೆಯ ಒಬ್ಬ ಮನುಷ್ಯ ಎದುರು ನಿಂತು, ಅಳೆದು, ನೋಡಿ, ಸಹಿ ಹಾಕಬೇಕು. ಅವನು ಸಹಿ ಹಾಕುವವರೆಗೆ ಎಷ್ಟೇ ದೊಡ್ಡ ಕಾರ್ಖಾನೆಯಾದರೂ ಕೈಕಟ್ಟಿ ಕಾಯಬೇಕು. ಹಾಗೆ ಸಹಿ ಹಾಕಲು ನಮ್ಮಲ್ಲಿಂದ ಒಬ್ಬ ಐದು ತಿಂಗಳು ಮುರೋರಾನ್‌ಗೆ ಹೋಗಬೇಕಿತ್ತು. ಯಾರೆಂದು ಇನ್ನೂ ನಿಶ್ಚಯವಾಗಿರಲಿಲ್ಲ. ಹೋಗುವವನಿಗೆ ಊರಿನ ಬಗ್ಗೆ ಒಂದು ಟಿಪ್ಪಣಿ ಬೇಕು, ಬರೆ ಎಂದು ಮ್ಯಾನೇಜರ್ ನನಗೆ ಹೇಳಿದರು. ಅವರು ಈಜಿಪ್ಟಿನವರು. ನಮ್ಮನ್ನೆಲ್ಲ ಹೆಸರು ಹಿಡಿದು ಕರೆಯುವ ಪದ್ಧತಿ ಅವರಿಗಿರಲಿಲ್ಲ. ನನಗೆ ಅವರಿಟ್ಟ ಹೆಸರು ‘ಯಾ ಮುಹಂದಿಸ್’, ಅಂದರೆ ‘ಓ ಇಂಜಿನಿಯರೇ’.

ಟಿಪ್ಪಣಿ ನನಗೆ ಬಂದದ್ದಕ್ಕೆ ಕಾರಣ ಎದುರಿನ ಮೇಜು. ಜಪಾನಿನವರು ತಮ್ಮ ಕಡೆಯಿಂದ ಒಬ್ಬ ಹಿರಿಯ ಇಂಜಿನಿಯರನ್ನು ನಮ್ಮ ಆಫೀಸಿನಲ್ಲಿ ಕೂರಿಸಿದ್ದರು. ಅರವತ್ತು ದಾಟಿದ ಮನುಷ್ಯ, ಅದೇ ಊರಿನವರು. ನಾವು ಅವರನ್ನು ಜಪಾನ್ ಸರ್ ಎನ್ನುತ್ತಿದ್ದೆವು. ಅವರ ಇಂಗ್ಲಿಷ್ ನನ್ನ ಮೊದಲ ವರ್ಷದ ಇಂಗ್ಲಿಷಿನ ಹಾಗೆ, ಮೂರು ಮೂರು ಪದ. ಕನ್ನಡ ಮಾಧ್ಯಮದಲ್ಲಿ ಓದಿ ಇಂಜಿನಿಯರಿಂಗ್ ಕಾಲೇಜಿಗೆ ಹೋದವನು ನಾನು. ಹಾಗಾಗಿ ನಮ್ಮಿಬ್ಬರಿಗೆ ಚೆನ್ನಾಗಿ ಆಗುತ್ತಿತ್ತು. ಊಟದ ಹೊತ್ತಿನಲ್ಲಿ ನಾನು ಪ್ರಶ್ನೆಗಳ ಪಟ್ಟಿ ಹಿಡಿದು ಕೂರುತ್ತಿದ್ದೆ.

“ಊರಿನಲ್ಲಿ ನೋಡುವಂಥದ್ದು ಏನುಂಟು ಸರ್?”

“ಕಾರ್ಖಾನೆ.”

“ಅದು ಕೆಲಸದ ಜಾಗ. ರಜೆಯ ದಿನ ನೋಡುವುದಕ್ಕೆ?”

“ರಜೆಯ ದಿನವೂ ಕಾರ್ಖಾನೆ ಕಾಣುತ್ತದೆ. ಎಲ್ಲ ಕಡೆಯಿಂದ.”

ಅವರು ತಮಾಷೆ ಮಾಡುತ್ತಿದ್ದಾರೋ ಇಲ್ಲವೋ ಎಂದು ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ. ಬೇಡದ ಡ್ರಾಯಿಂಗಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ನಕಾಶೆ ಬರೆದರು. ಇದು ಸ್ಟೇಷನ್. ಇದು ಗುಡ್ಡ. ಗುಡ್ಡದ ಮೇಲೆ ಮನೆಗಳು, ಒಂದರ ಮೇಲೊಂದು, ಮೆಟ್ಟಿಲು ಹತ್ತಿ ಹತ್ತಿ ಅವರ ತಾಯಿಯ ಮೊಣಕಾಲು ಹೋಯಿತು. ಇಲ್ಲಿ ಒಂದು ಶಾಲೆ ಇತ್ತು, ಮಕ್ಕಳಿಲ್ಲ, ಮುಚ್ಚಿದರು. ಇಲ್ಲಿ ಇನ್ನೊಂದು, ಅದೂ ಮುಚ್ಚಿತು. ಅವರು ಚಿಕ್ಕವರಿದ್ದಾಗ ಕಾರ್ಖಾನೆಯ ಪಾಳಿ ಬದಲಾಗುವಾಗ ಮುಖ್ಯ ರಸ್ತೆಯಲ್ಲಿ ಭುಜಕ್ಕೆ ಭುಜ ತಾಗಿಸಿ ನಡೆಯಬೇಕಿತ್ತಂತೆ. ಈಗ ಅಲ್ಲಿ ಬೆಕ್ಕು ರಸ್ತೆಯ ನಡುವೆ ಮಲಗುತ್ತದೆ ಎಂದರು. ನಾನು ಬೆಕ್ಕನ್ನು ಬರೆಯಲಿಲ್ಲ, ‘ವಾಹನ ಸಂಚಾರ ಕಡಿಮೆ’ ಎಂದು ಬರೆದೆ.

ಊಟದ ವಿಷಯಕ್ಕೆ ಬಂದಾಗ, ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿ ಆ ಊರಿನ ವಿಶೇಷ ಎಂದರು. ನಾನು ಬರೆದುಕೊಂಡೆ.

“ಆದರೆ ಅದು ಹಂದಿ,” ಎಂದರು.

“ಕೋಳಿ ಎಂದಿರಲ್ಲ?”

“ಹೆಸರು ಕೋಳಿ. ಮಾಂಸ ಹಂದಿ. ಈರುಳ್ಳಿ, ಸಾಸಿವೆ. ಬಹಳ ಒಳ್ಳೆಯದು.”

“ಹಾಗಾದರೆ ಕೋಳಿ ಎಂದು ಯಾಕೆ ಹೇಳುವುದು?”

“ಹಂದಿ ಎಂದು ಎಲ್ಲರಿಗೂ ಗೊತ್ತಲ್ಲ.”

ನಮ್ಮ ಆಫೀಸಿನಲ್ಲಿ ಅರ್ಧಕ್ಕರ್ಧ ಮುಸ್ಲಿಮರು. ಮೂರನೆಯ ಪುಟದಲ್ಲಿ ಅದನ್ನು ದಪ್ಪ ಅಕ್ಷರದಲ್ಲಿ ಹಾಕಿದೆ.

ಒಂದು ದಿನ ನಾನೇ ನನ್ನ ವಿಷಯ ಹೇಳಿದೆ. ನನ್ನ ಅಪ್ಪ ಮಂಗಳೂರಿನಲ್ಲಿ ನದಿ ದಡದ ಹಂಚಿನ ಕಾರ್ಖಾನೆಯಲ್ಲಿ ಭಟ್ಟಿಯ ಕೆಲಸಕ್ಕಿದ್ದವರು. ಕಟ್ಟಿಗೆ ಒಟ್ಟಿ, ಬೆಂಕಿಯ ಬಣ್ಣ ನೋಡಿ, ಹಂಚು ಬೆಂದಿತೋ ಇಲ್ಲವೋ ಎಂದು ಹೇಳುವವರು. ನಮ್ಮದೂ ಸಮುದ್ರದ ಊರು, ನಮ್ಮಲ್ಲೂ ಒಂದೊಂದೇ ಚಿಮ್ನಿ ತಣ್ಣಗಾಯಿತು. ನಮ್ಮ ಇಡೀ ಲೈನ್ ಮನೆಗಳ ಸಾಲಿನಲ್ಲಿ ಡಿಗ್ರಿ ಮಾಡಿದವನು ನಾನೊಬ್ಬನೇ ಎಂದು ಹೇಳಿದೆ. ಅದನ್ನು ಹೇಳುವಾಗ ನಾನು ಸ್ವಲ್ಪ ನೆಟ್ಟಗೆ ಕೂತಿದ್ದಿರಬೇಕು. ಈಗಲೂ ಕೂರುತ್ತೇನೆ. ಅದಕ್ಕೆ ನನಗೆ ನಾಚಿಕೆಯಿಲ್ಲ.

ಜಪಾನ್ ಸರ್ ಚಹಾ ಕುಡಿದು ಮುಗಿಸಿದರು. “ನಮ್ಮ ಊರಿನಲ್ಲಿ ಒಳ್ಳೆಯ ಹುಡುಗರು ಹೈಸ್ಕೂಲ್ ಮುಗಿಸಿ ಕಾರ್ಖಾನೆಗೆ ಹೋಗುತ್ತಿದ್ದರು,” ಎಂದರು. “ನನ್ನ ಅಣ್ಣ ಹೋದ. ನನಗೆ ಕಣ್ಣು ಸರಿಯಿರಲಿಲ್ಲ. ತೆಗೆದುಕೊಳ್ಳಲಿಲ್ಲ. ಅದಕ್ಕೆ ಕಾಲೇಜು. ಅಪ್ಪನಿಗೆ ಬೇಸರ.”

ನನಗೆ ಸಿಟ್ಟು ಬಂತು. ಡಿಗ್ರಿ ಎಂದರೆ ಕಾರ್ಖಾನೆಗೆ ಆಗದವರ ಗತಿ ಎಂದು ನನ್ನೆದುರು ಯಾರೂ ಹೇಳಿರಲಿಲ್ಲ. ಎರಡು ದಿನ ಪ್ರಶ್ನೆ ಕೇಳಲಿಲ್ಲ. ಮೂರನೆಯ ದಿನ ಅವರೇ ನಕಾಶೆ ತಂದಿಟ್ಟು, “ಮಂಜಿನ ವಿಷಯ ನೀನು ತಪ್ಪು ಬರೆದಿದ್ದೀ. ಚಳಿಗಾಲದಲ್ಲಿ ಮಂಜು ಬರುವುದಿಲ್ಲ, ಬೇಸಗೆಯಲ್ಲಿ,” ಎಂದರು. ತಿದ್ದಿದೆ.

ನಾಲ್ಕು ಪುಟ ಓದಿ ಮ್ಯಾನೇಜರ್ ನನ್ನನ್ನು ಒಳಗೆ ಕರೆದರು. “ಯಾ ಮುಹಂದಿಸ್, ಇಷ್ಟೆಲ್ಲ ಗೊತ್ತಿರುವವನೇ ಹೋಗಬೇಕು. ಐದು ತಿಂಗಳು. ಶನಿವಾರ ಪಾಸ್‌ಪೋರ್ಟ್ ತಂದು ಮಂದೂಬನಿಗೆ ಕೊಡು.” ಮಂದೂಬ್ ಎಂದರೆ ಸರಕಾರಿ ಆಫೀಸುಗಳಿಗೆ ಅಲೆದು ಕಂಪೆನಿಯವರ ವೀಸಾ, ಇಕಾಮಾ ಮಾಡಿಸುವವನು.

ಹೊರಗೆ ಬಂದು ನನ್ನ ಮೇಜಿನಲ್ಲಿ ಕೂತೆ. ಪಕ್ಕದ ಮೇಜಿನವನು ಉಡುಪಿ ಕಡೆಯ ಕೊಂಕಣಿ ಹುಡುಗ, ನನಗಿಂತ ಐದಾರು ವರ್ಷ ಚಿಕ್ಕವನು, ಚುರುಕು. “ಎಂತ ಅಣ್ಣ, ಜಪಾನ್ ಅಂದ ಕೂಡ್ಲೆ ಮಾತೇ ನಿಂತುಹೋಯ್ತಾ?” ಎಂದ. ನಾನು ನಕ್ಕೆ.

ವಿಷಯ ಇದು. ನನ್ನ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಇಕಾಮಾದಲ್ಲಿ, ಅಂದರೆ ಇಲ್ಲಿರಲು ಕೊಟ್ಟ ಪರವಾನಗಿಯಲ್ಲಿ, ಉದ್ಯೋಗ ಎಂಬ ಸಾಲಿನ ಎದುರು ‘ಫರಾಶ್’ ಎಂದು ಬರೆದಿತ್ತು. ಫರಾಶ್ ಎಂದರೆ ಆಫೀಸಿನಲ್ಲಿ ಗುಡಿಸಿ ಒರೆಸಿ ಚಾ ಕೊಡುವ ಆಳು. ಎಂಟು ವರ್ಷದಿಂದ ಹಾಗೇ ಇತ್ತು. ನಾನು ಬೇರೆ ಅರಬ್ಬಿ ಅಕ್ಷರ ಸರಿಯಾಗಿ ಕಲಿಯಲಿಲ್ಲ, ಆ ಒಂದು ಪದವನ್ನು ಮಾತ್ರ ದೂರದಿಂದ ಗುರುತಿಸುತ್ತಿದ್ದೆ. ಎಲ್ಲಿಯಾದರೂ ಪಾಸ್‌ಪೋರ್ಟ್ ತೋರಿಸುವಾಗ ನನ್ನ ಹೆಬ್ಬೆರಳು ತಾನೇ ಹೋಗಿ ಆ ಸಾಲಿನ ಮೇಲೆ ಕೂರುತ್ತಿತ್ತು.

ಅದು ಹಾಗಾದದ್ದು ಅಪ್ಪನ ಪ್ರೀತಿಯಿಂದ. ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದ ದಿನ ಅಪ್ಪ ಅದನ್ನು ಕೈಯಲ್ಲಿ ಹಿಡಿಯಲಿಲ್ಲ. ಕೈಯಲ್ಲಿ ಕೆಮ್ಮಣ್ಣು ಉಂಟು ಎಂದು ಹೆಗಲ ಬೈರಾಸು ಹಾಸಿ ಅದರ ಮೇಲೆ ಇಡಿಸಿದರು. ಮರುದಿನ ಕೆಲಸಕ್ಕೆ ರಜೆ ಹಾಕಿ ಹಂಪನಕಟ್ಟೆಯ ಪೇಟೆಗೆ ಹೋಗಿ ಲ್ಯಾಮಿನೇಷನ್ ಮಾಡಿಸಿ ತಂದರು. ಮಳೆಗಾಲದ ತೇವ ಹಿಡಿಯಬಾರದು, ಹಂಚಿನ ಧೂಳು ಕೂರಬಾರದು, ಗೆದ್ದಲು ಮುಟ್ಟಬಾರದು. ಅದಕ್ಕೆ ಫ್ರೇಮ್ ಹಾಕಿಸಿ, ಬಾಗಿಲು ತೆಗೆದ ಕೂಡಲೇ ಕಾಣುವ ಗೋಡೆಗೆ ಹೊಡೆದರು. ಓದಿದವರ ಮನೆಯಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಅವರಿಗೆ ಆ ಕಾಗದವನ್ನು ಮುಂದೆ ಹತ್ತು ಕಡೆ ತೋರಿಸಲಿಕ್ಕುಂಟು, ಹತ್ತು ಸೀಲು ಹಾಕಿಸಲಿಕ್ಕುಂಟು ಎಂದು ಗೊತ್ತಿರುತ್ತದೆ. ನಮಗೆ ಅದು ಮುಗಿದ ಕೆಲಸ. ಗೆದ್ದದ್ದು, ಇನ್ನು ಕಾಪಾಡಬೇಕಾದದ್ದು.

ಕುವೈತಿಗೆ ಬರುವ ಮೊದಲು ಆ ಸರ್ಟಿಫಿಕೇಟಿಗೆ ಸರಕಾರದ ಸೀಲು ಬೇಕಿತ್ತು. ಬೆಂಗಳೂರಿಗೆ ಹೋದೆ. ಕೌಂಟರಿನವರು ಪ್ಲಾಸ್ಟಿಕ್ಕಿನ ಮೇಲೆ ಉಗುರಿನಿಂದ ಟಕಟಕ ಹೊಡೆದರು. “ಯಾರ್ರೀ ಇದನ್ನ ಲ್ಯಾಮಿನೇಟ್ ಮಾಡ್ಸಿದ್ದು? ಸೀಲ್ ಎಲ್ಲಿ ಹಾಕ್ಲಿ, ನಿಮ್ ಹಣೆ ಮೇಲಾ?” ಹೊಸದು ತೆಗೆಸುವಷ್ಟು ಸಮಯವಿರಲಿಲ್ಲ. ಏಜೆಂಟ್ ಹೇಳಿದ: ಫರಾಶ್ ವೀಸಾ ಒಂದುಂಟು, ಹೋಗು, ಅಲ್ಲಿ ಹೋಗಿ ಬದಲಾಯಿಸಿಕೊಳ್ಳಬಹುದು. ಮನೆಗೆ ಬಂದು ಅಪ್ಪನಿಗೆ “ಎಲ್ಲ ಆಯಿತು” ಎಂದೆ. ಅವರು ಸರ್ಟಿಫಿಕೇಟನ್ನು ಪುನಃ ಗೋಡೆಗೆ ಹೊಡೆದರು.

ಇಲ್ಲಿ ನಾನು ಒಂದು ದಿನವೂ ಚಾ ಕೊಡಲಿಲ್ಲ. ಮೊದಲು ಶುವೈಖ್‌ನ ನಮ್ಮದೇ ಕಂಪೆನಿಯ ಗೋದಾಮಿನಲ್ಲಿ ಸ್ಟೋರ್ ನೋಡಿಕೊಂಡೆ, ಸುಲೈಬಿಯಾದ ಕ್ಯಾಂಪಿನಲ್ಲಿ ಹನ್ನೊಂದು ಜನರ ಕೋಣೆಯಲ್ಲಿ ಮಲಗಿದೆ, ಒಂದೊಂದೇ ಮೆಟ್ಟಿಲು ಹತ್ತಿ ಫಹಾಹೀಲ್‌ನ ಈ ಮೇಜಿಗೆ ಬಂದೆ. ನನ್ನ ಕೆಲಸ ಇಂಜಿನಿಯರಿನದ್ದೇ. ಕಾಗದ ಮಾತ್ರ ಫರಾಶಿನದ್ದು. ಬದಲಾಯಿಸಬೇಕಾದರೆ ಸರ್ಟಿಫಿಕೇಟು ಬೇಕು, ಸರ್ಟಿಫಿಕೇಟು ಬೇಕಾದರೆ ಅಪ್ಪನಿಗೆ ಹೇಳಬೇಕು. ಹೇಳಲಿಲ್ಲ.

ಶನಿವಾರ ಪಾಸ್‌ಪೋರ್ಟ್ ಕೊಡಲಿಲ್ಲ. ರಿನ್ಯೂ ಮಾಡಲು ಕೊಟ್ಟಿದ್ದೇನೆ ಎಂದೆ. ಮುಂದಿನ ವಾರ, ಸುಲೈಬಿಯಾದ ಗೆಳೆಯನ ಕೋಣೆಯಲ್ಲಿದೆ ಎಂದೆ. ಅದು ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಸಂಜೆ ಕೋಣೆಗೆ ಹೋದರೆ ಕೂರಲು ಆಗುತ್ತಿರಲಿಲ್ಲ. ಸಮುದ್ರದ ಪಕ್ಕದ ರಸ್ತೆಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತಿದ್ದೆ. ನೀರಿನ ಆಚೆ ಹಡಗುಗಳ ದೀಪ. ಮುರೋರಾನ್‌ನ ದೀಪಸ್ತಂಭದ ಹತ್ತಿರ ನಿಂತರೆ ಸಮುದ್ರ ದುಂಡಗೆ ಕಾಣುತ್ತದಂತೆ, ಭೂಮಿ ದುಂಡಗಿದೆ ಎಂದು ಕಣ್ಣಿಗೇ ಗೊತ್ತಾಗುತ್ತದಂತೆ. ಎರಡನೆಯ ಪುಟದಲ್ಲಿ ಬರೆದಿದ್ದೆ. ಇಲ್ಲಿ ನೋಡಿದರೆ ಸಮುದ್ರ ತಟ್ಟೆಯ ಹಾಗೆ ಚಪ್ಪಟೆ. ಆ ಊರಿನ ಎಲ್ಲ ರಸ್ತೆಗಳೂ ತಲೆಯಲ್ಲಿ ಓಡುತ್ತಿದ್ದವು. ಸ್ಟೇಷನ್ನಿನಿಂದ ಎಡಕ್ಕೆ, ಗುಡ್ಡ ಹತ್ತಿ ಬಲಕ್ಕೆ. ಕಾಲು ಮಾತ್ರ ಫಹಾಹೀಲ್‌ನಲ್ಲಿ.

ಐದು ವಾರ ಹೀಗೆ ಹೋಯಿತು. ಕೊನೆಗೆ ಮಂದೂಬ್ ಆಫೀಸಿಗೇ ಬಂದ. ಸಿರಿಯಾದವನು, ಹಿಂದಿಯನ್ನು ನಮ್ಮಿಂದಲೇ ಕಲಿತವನು. ಎಲ್ಲರೆದುರು, “ಭಾಯಿ, ಪಾಸ್‌ಪೋರ್ಟ್ ಕಿದರ್?” ಎಂದ. ನಾನು ಗೆಳೆಯನ ಕಥೆ ಶುರು ಮಾಡಿದೆ. ಅವನು ನನ್ನ ಮಾತು ಮುಗಿಯಲು ಬಿಡದೆ ಮ್ಯಾನೇಜರ ಕಡೆ ತಿರುಗಿ ಅರಬ್ಬಿಯಲ್ಲಿ ಏನೋ ಹೇಳಿದ. ಅದರಲ್ಲಿ ‘ಫರಾಶ್’ ಎಂಬ ಪದ ಇತ್ತು. ನನ್ನ ಕಾಗದಗಳೆಲ್ಲ ಎಂಟು ವರ್ಷದಿಂದ ಅವನ ಫೈಲಿನಲ್ಲೇ ಇದ್ದವು ಎಂಬುದು ನನಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ.

ಮ್ಯಾನೇಜರ್ ನನ್ನನ್ನು ನೋಡಿದರು. “ಇದಕ್ಕಾ?” ಎಂದರು. “ಇದಕ್ಕಾ ನೀನು ಐದು ವಾರ ಅಡಗಿಸಿದ್ದು? ನಾನು ಈ ದೇಶದಲ್ಲಿ ನಾಲ್ಕು ವರ್ಷ ಕ್ಷೌರಿಕ ಆಗಿದ್ದೆ. ಕಾಗದದಲ್ಲಿ. ನನ್ನ ಹೆಂಡತಿ ಈಗಲೂ ಕೇಳುತ್ತಾಳೆ, ಮಕ್ಕಳ ಕೂದಲು ನೀನೇ ಕತ್ತರಿಸಬಾರದಾ ಎಂದು.”

ಕೊಂಕಣಿ ಹುಡುಗ ಮೆಲ್ಲಗೆ ಹೇಳಿದ: “ನಾನೂ ಬರುವಾಗ ಟೈಲರ್, ಅಣ್ಣ. ಬಟನ್ ಹಾಕ್ಲಿಕ್ಕೆ ಗೊತ್ತಿಲ್ಲ. ಬಂದ ವರ್ಷವೇ ಬದಲಾಯಿಸಿದೆ.”

“ಸ್ಟೋರಿನವನು ಕುರಿ ಕಾಯುವವನು,” ಎಂದ ಮಂದೂಬ್. “ಕುರಿ ನೋಡಿದರೆ ಓಡುತ್ತಾನೆ.”

ಎಲ್ಲರೂ ನಕ್ಕರು. ನಾನೂ ನಗಬೇಕಿತ್ತು, ಆಗಲಿಲ್ಲ. ಆಮೇಲೆ ಮಂದೂಬ್ ಬೆರಳು ಮಡಚಿ ಲೆಕ್ಕ ಹೇಳಿದ. ಜಪಾನಿನ ವೀಸಾಕ್ಕೆ ಕಂಪೆನಿಯ ಪತ್ರದಲ್ಲಿ ಇಂಜಿನಿಯರ್ ಎಂದು ಬರೆಯಬೇಕು, ಇಕಾಮಾದಲ್ಲಿ ಫರಾಶ್ ಎಂದಿದ್ದರೆ ಆಗದು. ಸೀಲು ಬಿದ್ದ ಡಿಗ್ರಿ ಕೈಯಲ್ಲಿದ್ದರೆ ಮೂರು ವಾರದಲ್ಲಿ ಬದಲಾಯಿಸಿಕೊಡುತ್ತೇನೆ. “ಕಾಗದ ಲಾವೋ, ಖಲಾಸ್.” ಹೊರಡಲು ಆಗ ಏಳು ವಾರವಿತ್ತು. ಐದು ವಾರದ ಹಿಂದೆ ಹೇಳಿದ್ದರೆ ಹನ್ನೆರಡು ಇರುತ್ತಿತ್ತು.

ಅದೇ ದಿನ ಊರಿಗೆ ಫೋನ್ ಮಾಡಿದೆ. ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಅಪ್ಪ, ನನ್ನ ಡಿಗ್ರಿ ಸರ್ಟಿಫಿಕೇಟು ಬೇಕಿತ್ತು. ಜಪಾನಿಗೆ ಹೋಗ್ಲಿಕ್ಕುಂಟು.”

“ಜಪಾನಿಗಾ?” ಅವರ ಧ್ವನಿ ಏರಿತು. “ಸರ್ಟಿಫಿಕೇಟು ಗೋಡೆಯಲ್ಲೇ ಉಂಟಲ್ಲ. ನಾಳೆಯೇ ಕಳಿಸ್ತೇನೆ.”

“ಹಾಗಲ್ಲ. ಅದರ ಮೇಲೆ ಪ್ಲಾಸ್ಟಿಕ್ ಇರಬಾರದಂತೆ. ಯೂನಿವರ್ಸಿಟಿಗೆ ಅದನ್ನು ಕೊಟ್ಟು ಹೊಸತು ತೆಗೀಬೇಕು. ಅದಕ್ಕೆ ತಿಂಗಳುಗಟ್ಲೆ ಹಿಡಿತದೆ, ಸ್ವಲ್ಪ ಬೇಗ ಆಗುದಾ ಕೇಳಿ.”

“ಪ್ಲಾಸ್ಟಿಕ್ ಇರಬಾರದು ಅಂತ ಈಗ ಬಂದ ರೂಲಾ?”

“ಹೌದು,” ಎಂದೆ. “ಈಗ ಬಂದದ್ದು.”

ಎರಡು ದಿನ ಕಳೆದು ಅವರೇ ಫೋನ್ ಮಾಡಿದರು. ಅವರಾಗಿ ಫೋನ್ ಮಾಡುವುದು ಸಾವು ಮದುವೆಗೆ ಮಾತ್ರ. ತಿಂಗಳುಗಟ್ಟಲೆ ಎಂದು ನಾನು ಹೇಳಿದ್ದು ಅವರ ತಲೆಯಲ್ಲಿ ಕೂತಿತ್ತು. ಕಾಗದದಿಂದ ಪ್ಲಾಸ್ಟಿಕ್ ಬೇರೆ ಮಾಡಿದರೆ ಆಯಿತಲ್ಲ ಎಂದು ಲೆಕ್ಕ ಹಾಕಿದ್ದರು. ನಲವತ್ತು ವರ್ಷ ಬೆಂಕಿಯ ಎದುರು ನಿಂತವರು. ಬಿಸಿಗೆ ಜಗ್ಗದ್ದು ಯಾವುದೂ ಇಲ್ಲ ಎಂಬುದು ಅವರ ನಂಬಿಕೆ. ಇಸ್ತ್ರಿ ಪೆಟ್ಟಿಗೆ ಕಾಯಿಸಿ, ಮೇಲೆ ಬಟ್ಟೆ ಹಾಕಿ, ಒಂದು ಮೂಲೆಯಿಂದ ಹದವಾಗಿ ಒತ್ತುತ್ತಾ ಬ್ಲೇಡಿನಿಂದ ಎಬ್ಬಿಸಿದರಂತೆ.

“ಬಂತು ಮಗಾ,” ಎಂದರು. “ಪ್ಲಾಸ್ಟಿಕ್ ಬಂತು. ಅದರ ಒಟ್ಟಿಗೆ ಸೀಲೂ ಬಂತು. ಸಹಿಯೂ ಬಂತು. ನಿನ್ನ ಹೆಸರು ಅರ್ಧ ಉಳಿದಿದೆ.”

ನಾನು ಪರವಾಗಿಲ್ಲ ಎಂದೆ. ಹೇಗೂ ಹೊಸತೇ ತೆಗೆಯಬೇಕಿತ್ತಲ್ಲ ಎಂದೆ. ಅವರು ಫೋನ್ ಇಟ್ಟರು.

ಏಳು ವಾರ ಯಾವುದಕ್ಕೂ ಸಾಕಾಗಲಿಲ್ಲ. ಕೊಂಕಣಿ ಹುಡುಗನ ಕಾಗದ ಸರಿ ಇತ್ತು, ಅವನು ಹೋದ. ಹೊರಡುವ ದಿನ ನನ್ನ ನಾಲ್ಕು ಪುಟಗಳನ್ನು ಬ್ಯಾಗಿನ ಮೇಲಿನ ಜಿಪ್ಪಿನಲ್ಲಿ ಹಾಕಿಕೊಂಡ. “ನೀವು ಹೋಗ್ಬೇಕಿತ್ತು ಅಣ್ಣ,” ಎಂದ. ಅವನ ಮೇಲೆ ಸಿಟ್ಟು ಮಾಡುವ ಹಾಗೂ ಇರಲಿಲ್ಲ. ಜಪಾನ್ ಸರ್ ಮಾತ್ರ ಏನೂ ಆಗದವರಂತೆ ಊಟದ ಹೊತ್ತಿಗೆ ನನ್ನ ಎದುರು ಕೂತು, “ಹಿಮದ ಬಗ್ಗೆ ನೀನು ಎರಡೇ ಸಾಲು ಬರೆದಿದ್ದೀ. ಸಾಲದು,” ಎಂದರು. ಆ ದಿನ ನನಗೆ ಅವರ ಮುಖದ ಮೇಲೆ ನಕಾಶೆ ಎಸೆಯಬೇಕೆನಿಸಿತ್ತು. ಹಿಮದ ಬಗ್ಗೆ ಬರೆದುಕೊಂಡೆ.

ವಾರಕ್ಕೊಮ್ಮೆ ಅಲ್ಲಿಂದ ಕೊಂಕಣಿ ಹುಡುಗನ ಫೋನ್ ಬರುತ್ತಿತ್ತು. ಕೆಲಸದ ಮಾತು ಮುಗಿದ ಮೇಲೆ ಅವನು ನನ್ನ ಪುಟಗಳ ತಪ್ಪು ಹೇಳುತ್ತಿದ್ದ.

“ಅಣ್ಣ, ನೀವು ಬರೆದ ಊಟದ ಅಂಗಡಿ ಇಲ್ಲವೇ ಇಲ್ಲ. ಶಟರ್ ಎಳೆದಿದ್ದಾರೆ. ಆ ಬೀದಿಯಲ್ಲಿ ಸುಮಾರು ಅಂಗಡಿ ಹಾಗೇ. ಮತ್ತೆ ಸ್ಟೇಷನ್ನಿಂದ ನಡೆದು ಹೋಗಬಹುದು ಅಂತ ಬರೆದಿದ್ದೀರಲ್ಲ, ಗಾಳಿಗೆ ನಾನೇ ಹಾರಿಹೋಗ್ತಿದ್ದೆ ಮಾರಾಯ್ರೆ.”

“ಸೇತುವೆ?”

“ಸೇತುವೆ ಉಂಟು. ಬಿಳಿ. ಅದು ಸರಿ ಬರೆದಿದ್ದೀರಿ.”

“ಬಡಿಯುವುದನ್ನು ನೋಡಿದೆಯಾ? ಉಕ್ಕು?”

“ಅದನ್ನು ಹೇಗೆ ಹೇಳುದು ಅಣ್ಣ. ಒಂದು ಮನೆಯಷ್ಟು ದೊಡ್ಡ ಕೆಂಡ. ಅದನ್ನು ಚಪಾತಿ ಹಿಟ್ಟಿನ ಹಾಗೆ ತಿರುಗಿಸ್ತಾರೆ. ಅಲ್ಲಿ ಒಬ್ಬ ಮುದುಕ ಇದ್ದಾನೆ, ಬಣ್ಣ ನೋಡಿಯೇ ಕೈ ಎತ್ತುದು. ಅವನು ಕೈ ಎತ್ತಿದರೆ ಎಲ್ಲ ನಿಲ್ತದೆ. ಮೆಷಿನ್ ಉಂಟು ಶಾಖ ನೋಡ್ಲಿಕ್ಕೆ, ಆದ್ರೂ ಅವನನ್ನೇ ನೋಡುದು ಎಲ್ಲರೂ.”

ನನ್ನ ನಾಲ್ಕು ಪುಟಗಳಲ್ಲಿ ಆ ಮುದುಕ ಇರಲಿಲ್ಲ. ಜಪಾನ್ ಸರ್ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಊರಿನ ಬಗ್ಗೆ ಕೇಳುವಾಗ ನನಗೆ ರಸ್ತೆ, ಹೋಟೆಲು, ಹವಾಮಾನ ಎಂದೇ ಹೊಳೆದದ್ದು. ಬೆಂಕಿಯ ಬಣ್ಣ ಓದುವವನ ಮಗ ನಾನು. ಕೇಳಬೇಕಾದ ಒಂದು ಪ್ರಶ್ನೆ ನನಗೆ ಗೊತ್ತಿರಬೇಕಿತ್ತು.

ಅಷ್ಟರಲ್ಲಿ ಅಪ್ಪನ ಫೋನ್ ಬಂತು. ಹರಿದ ಸರ್ಟಿಫಿಕೇಟು ಹಿಡಿದು ಯೂನಿವರ್ಸಿಟಿಗೆ ಹೋಗಿದ್ದರು. ಮೂರನೆಯ ಸಲ ಹೋದಾಗ ಕೌಂಟರಿನ ಹೆಂಗಸಿನ ಹತ್ತಿರ, ಸರಕಾರದವರು ಹೀಗೆ ಹೊಸ ಹೊಸ ರೂಲು ಮಾಡಿದರೆ ನಮ್ಮಂಥವರು ಎಂತ ಮಾಡುವುದು ಎಂದು ಹೇಳಿಕೊಂಡರಂತೆ. ಆಕೆ, ಇದು ಹೊಸದಲ್ಲ ಅಜ್ಜಾ, ಮೊದಲಿನಿಂದಲೂ ಹೀಗೇ ಎಂದರಂತೆ.

“ನೀನು ಅಲ್ಲಿಗೆ ಹೋಗುವಾಗಲೂ ಈ ರೂಲು ಇತ್ತಂತೆ,” ಎಂದರು ಅಪ್ಪ. “ಹಾಗಾದ್ರೆ ನಿನಗೆ ಸೀಲು ಹಾಕಿದ್ದು ಯಾರು?”

“ಯಾರೂ ಹಾಕ್ಲಿಲ್ಲ.”

“ಮತ್ತೆ ನೀನು ಹೋದದ್ದು ಎಂತ ಆಗಿ?”

ಹೇಳಿದೆ. ಫರಾಶ್ ಎಂದರೆ ಏನು ಎಂದು ಕೇಳಿದರು. ಅದನ್ನೂ ಹೇಳಿದೆ.

“ಚಾ ಕೊಟ್ಟಿದ್ದೀಯಾ?”

“ಇಲ್ಲ ಅಪ್ಪ. ಕಾಗದದಲ್ಲಿ ಮಾತ್ರ.”

“ಕೊಟ್ಟಿದ್ರೂ ಎಂತ? ಕೆಲಸ ಅಲ್ವಾ? ನಾನು ಭಟ್ಟಿಗೆ ಕಟ್ಟಿಗೆ ಹಾಕಿದವ.” ಅವರು ಉಸಿರು ತೆಗೆದುಕೊಂಡರು. “ಎಂಟು ವರ್ಷ ಬಂದವರಿಗೆಲ್ಲ ಆ ಗೋಡೆ ತೋರಿಸಿದ್ದೇನೆ. ನನಗೆ ಓದಲಿಕ್ಕೆ ಬರುದಿಲ್ಲ, ಪ್ಲಾಸ್ಟಿಕ್ ಹಾಕಿದ್ರೆ ಹಾಳಾಗ್ತದೆ ಅಂತ ಗೊತ್ತಿರ್ಲಿಲ್ಲ. ನಿನಗೆ ಗೊತ್ತಿತ್ತು. ನನ್ನನ್ನು ಪೆದ್ದ ಮಾಡಿದ್ದು ಪ್ಲಾಸ್ಟಿಕ್ ಅಲ್ಲ. ನೀನು.”

“ನಿಮಗೆ ಬೇಜಾರಾಗ್ತದೆ ಅಂತ—”

“ಆಗಲೇ ಹೇಳಿದ್ರೆ ಒಂದು ದಿನ ಬೇಜಾರಾಗ್ತಿತ್ತು. ಮರುದಿನ ಹೋಗಿ ಲೈನಿನಲ್ಲಿ ನಿಲ್ತಿದ್ದೆ. ನಿಲ್ಲಲಿಕ್ಕೆ ನನಗೆ ಗೊತ್ತುಂಟು.”

ನಾನು ಡಿಗ್ರಿ ಮಾಡಿದ್ದು ಆ ಮನುಷ್ಯ ನಿಂತದ್ದರಿಂದ. ಇನ್ನೊಮ್ಮೆ ನಿಲ್ಲುವ ಅವಕಾಶವನ್ನೇ ಅವರಿಗೆ ಕೊಡದೆ ಕೂತಿದ್ದೆ.

ಆಮೇಲೆ ಅವರು ನಿಂತರು. ವಾರಕ್ಕೊಂದು ದಿನ ಬಸ್ಸು ಹತ್ತಿ ಯೂನಿವರ್ಸಿಟಿಗೆ ಹೋಗುವುದು, ಆ ಹೆಂಗಸಿನ ಕೌಂಟರಿನ ಎದುರಿನ ಬೆಂಚಿನಲ್ಲಿ ಕೂರುವುದು, ಊಟದ ಬೆಲ್ಲು ಹೊಡೆಯುವಾಗ ಎದ್ದು ಬರುವುದು. ನನ್ನ ಹತ್ತಿರ ಬೇಕಾದಷ್ಟೇ ಮಾತು. ಹೊಸ ಸರ್ಟಿಫಿಕೇಟು ಕೈಗೆ ಬಂದು, ಬೆಂಗಳೂರು ದೆಹಲಿಗಳ ಸೀಲು ಬಿದ್ದು, ಎರಡು ರಟ್ಟಿನ ನಡುವೆ ಕೂತು ಕುವೈತಿಗೆ ತಲುಪುವಾಗ ವರ್ಷವೇ ಕಳೆದಿತ್ತು.

ಅದಕ್ಕೆ ಮೊದಲೇ ರಿಯಾಕ್ಟರುಗಳು ಬಂದವು. ಶುಐಬಾ ಬಂದರಿನಲ್ಲಿ ಇಳಿಸುವ ದಿನ ನಾನೂ ಜಪಾನ್ ಸರ್ ಕೂಡ ಹೆಲ್ಮೆಟ್ ಹಾಕಿ ನಿಂತಿದ್ದೆವು. ಬಿಸಿಲು ಎಂದರೆ ಬಿಸಿಲು. ಹಡಗಿನ ಹೊಟ್ಟೆಯಿಂದ ಆ ಉದ್ದದ ಉಕ್ಕು ಇಂಚಿಂಚಾಗಿ ಮೇಲೆ ಬಂತು. ನಮ್ಮವರೊಬ್ಬರು ಚಪ್ಪಾಳೆ ತಟ್ಟಿದರು. ಜಪಾನ್ ಸರ್ ಕೆಳಗಿಟ್ಟ ಮೇಲೆ ಹತ್ತಿರ ಹೋಗಿ, ಕೈಗವಸು ತೆಗೆದು, ಅಂಗೈ ಇಟ್ಟರು. ಬಿಸಿಗೆ ಕೂಡಲೇ ತೆಗೆದರು.

“ಅಲ್ಲಿ ಯಾವಾಗಲೂ ತಣ್ಣಗಿರುತ್ತದೆ,” ಎಂದರು.

ಅವರಿಗೆ ಆ ತಿಂಗಳ ಕೊನೆಗೆ ಊರಿಗೆ ಹೋಗಲಿಕ್ಕಿತ್ತು. ಕೆಲಸದಿಂದಲೇ ನಿವೃತ್ತಿ. ಬಣ್ಣ ನೋಡಿ ಕೈ ಎತ್ತುವ ಮುದುಕನ ಬಗ್ಗೆ ಕೇಳಿದೆ. ಅವರು ಕೈಗವಸು ಪುನಃ ಹಾಕಿಕೊಂಡರು. “ನನ್ನ ಅಣ್ಣ,” ಎಂದರು. ಅಷ್ಟೇ. ನನ್ನ ಟಿಪ್ಪಣಿ ನಾಲ್ಕು ಪುಟದಿಂದ ಏಳಾಗಿತ್ತು. ಅದರಲ್ಲಿ ಅದನ್ನು ಎಲ್ಲಿ ಸೇರಿಸುವುದೆಂದು ತಿಳಿಯದೆ ಸೇರಿಸಲಿಲ್ಲ.

ಇಕಾಮಾ ಬದಲಾದ ದಿನ ಮಂದೂಬ್ ಪಾಸ್‌ಪೋರ್ಟನ್ನು ನನ್ನ ಮೇಜಿನ ಮೇಲೆ ಎಸೆದ. “ಮಬ್ರೂಕ್, ಚಾ ಲಾವೋ,” ಎಂದು ಶುಭಾಶಯ ಹೇಳಿದ. ಅವನಿಗೆ ನಾನೇ ಹೋಗಿ ಚಾ ಮಾಡಿ ತಂದುಕೊಟ್ಟೆ. ಅಪ್ಪನಿಗೆ ಫೋನ್ ಮಾಡಿ, ಈಗ ಇಂಜಿನಿಯರ್ ಎಂದು ಬರೆದಿದ್ದಾರೆ ಎಂದೆ. ಅವರು, “ಸರಿ. ಊಟ ಆಯ್ತಾ?” ಎಂದರು. ನನಗೆ ಅದು ಸಾಕಿತ್ತು. ಸಾಕಿತ್ತು ಎಂದು ಹೇಳುತ್ತೇನೆ, ಆದರೆ ಆ ರಾತ್ರಿಯೂ ಕೋಣೆಯಲ್ಲಿ ಕೂರಲು ಆಗದೆ ಸಮುದ್ರದ ರಸ್ತೆಗೆ ಹೋದೆ. ಕೆಲವು ಅಭ್ಯಾಸ ಹಾಗೆ.

ಮುಂದಿನ ಆರ್ಡರ್ ಜಪಾನಿಗೆ ಹೋಗಲಿಲ್ಲ. ಕೊರಿಯಾಕ್ಕೆ ಹೋಯಿತು. ಅದೂ ಸಮುದ್ರದ ಪಕ್ಕದ ಒಂದು ಕಾರ್ಖಾನೆಯ ಊರೇ. ಮ್ಯಾನೇಜರ್ ನನ್ನನ್ನು ಕರೆದು, “ಯಾ ಮುಹಂದಿಸ್, ಹಿಂದಿನ ಹಾಗೇ ಈ ಊರಿನ ಬಗ್ಗೆ ನಾಲ್ಕು ಪುಟ ಬೇಕು,” ಎಂದರು.

ನಾನು ಜೇಬಿನಿಂದ ಪಾಸ್‌ಪೋರ್ಟ್ ತೆಗೆದು, ಇಕಾಮಾದ ಪುಟವನ್ನೇ ಬಿಡಿಸಿ, ಅವರ ಎದುರು ಇಟ್ಟೆ. “ಮೊದಲು ವೀಸಾಕ್ಕೆ ಹಾಕಿ ಸರ್. ಪುಟ ನಾನು ಅಲ್ಲಿಂದ ಬರೆದು ಕಳಿಸುತ್ತೇನೆ.”

ಅವರು ಆ ಸಾಲನ್ನು ಓದಿದರು. ಮತ್ತೆ ಹಿಂದಕ್ಕೆ ಮಗುಚಿ ನನ್ನ ಭಾವಚಿತ್ರ ನೋಡಿದರು. “ವೀಸಾಕ್ಕೆ ಹೊಸ ಫೋಟೊ ಬೇಕು,” ಎಂದರು. “ಇದರಲ್ಲಿ ನೀನು ಹೆದರಿದ ಹಾಗೆ ಕಾಣುತ್ತೀ.”

ಆ ಮಧ್ಯಾಹ್ನವೇ ಬಿಸಿಲಿನಲ್ಲಿ ಸೂಕಿಗೆ ಇಳಿದು ಆರು ಪ್ರತಿ ತೆಗೆಸಿದೆ.